ಒಡಪಿನ ಅವ್ವ

ಹತ್ತಿಮತ್ತೂರಿನಲ್ಲಿ ಹಿರಿಯರ ನೆನಪಿನ ಶಕ್ತಿ ಪರೀಕ್ಷಿಸಲು ತಿಂಗಳಿಗೊಮ್ಮೆ ಹೋಗುತ್ತಿದ್ದ ನನಗೆ ಈ ಅವ್ವನ ಮನೆಯೆಂದರೆ ಹಬ್ಬ. ವಾರ, ತಿಂಗಳು, ಮೊಮ್ಮಕ್ಕಳ ಹೆಸರು, ಎಲ್ಲಕ್ಕೂ ಪಟಪಟ ಉತ್ತರ. ತೊಡಕು ಒಂದೇ ಪ್ರಶ್ನೆಯದು: ಗಂಡನ ಹೆಸರು. ಯಜಮಾನರು ಎದುರಿಗಿದ್ದರೆ ಸೆರಗನ್ನು ತಲೆಯ ಮೇಲೆಳೆದುಕೊಂಡು, "ನಿಮಗ ಗೊತ್ತೈತಲ್ರಿ, ಬರ್ಕೋರಿ," ಎನ್ನುತ್ತಿದ್ದರು. ಯಜಮಾನರು ಸವಣೂರಿನ ಸಂತೆಗೆ ಹೋದ ದಿನ ಮಾತ್ರ ಹೆಸರಿಗೆ ಪ್ರಾಸ ಕೂಡಿಸಿ ಒಡಪು ಹೇಳುವರು: "ಬಿಸಿ ರೊಟ್ಟಿ ಮ್ಯಾಲ ಹಾಕೇನಿ ತುಪ್ಪ, ಉಣ್ಣಾಕ ಬರ್ತಾರ ನಮ್ಮ ಚನ್ನಪ್ಪ." ಹೇಳಿ, ಬಾಯಿಗೆ ಸೆರಗು ಹಿಡಿದು ತಾವೇ ನಗುವರು.

ಹೀಗಾಗಿ ಅವರ ಅಂಕ ಒಂದು ತಿಂಗಳು ಏರಿದರೆ ಇನ್ನೊಂದು ತಿಂಗಳು ಇಳಿಯುತ್ತಿತ್ತು. "ಅಂಕ ಹಿಂಗ ಏರಿಳಿದ್ರ ಮುಂದ ಮರೆವು ಬರೋ ಗುರುತಿರಬಹುದು, ನೋಡ್ಕೋತ ಇರ್ರಿ," ಎಂದರು ಡಾಕ್ಟರು. ಏರಿಳಿತಕ್ಕೆ ಕಾರಣ ಅವ್ವನ ಒಡಪು ಎಂದು ನಾನು ಹೇಳಿದೆ. ಅವರೂ ನಕ್ಕರು.

ಕಳೆದ ತಿಂಗಳು ಯಜಮಾನರು ಅವ್ವನ ಪಕ್ಕದಲ್ಲೇ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ರೂಢಿಯಂತೆ ಗಂಡನ ಹೆಸರು ಕೇಳಿದೆ.

"ಚನ್ನಪ್ಪ," ಎಂದರು ಅವ್ವ. ಸೆರಗು ಮುಟ್ಟಲಿಲ್ಲ, ಒಡಪು ಹೇಳಲಿಲ್ಲ.

ಪೂರ್ತಿ ಅಂಕ ಹಾಕಿದೆ. ಯಜಮಾನರು ಎಲೆಯನ್ನು ಕೆಳಗಿಟ್ಟು, "ನನ್ನ ಮುಂದ ಎಂದೂ ಹೆಸರು ಹೇಳಿದಾಕಿ ಅಲ್ಲ. ಡಾಕ್ಟರಿಗೆ ಇದನ್ನ ಹೇಳ್ರಿ," ಎಂದರು.