ಇಪ್ಪತ್ತೆರಡನೇ ತಾರೀಕಿನ ಮಗು

2012ರ ಡಿಸೆಂಬರಿನಲ್ಲಿ ಜಗತ್ತು ಮುಳುಗುತ್ತದೆ ಎಂಬ ಸುದ್ದಿ ಬಹ್ರೈನಿನ ನಮ್ಮ ಫ್ಲ್ಯಾಟಿಗೆ ಬಂದದ್ದು ಅತ್ತೆಯ ಜೊತೆಯಲ್ಲಿ. ನನ್ನ ಅಮ್ಮನಿಗೆ ಮೊಣಕಾಲು ನೋವು, ವಿಮಾನವೆಂದರೆ ಹೆದರಿಕೆ. ಹಾಗಾಗಿ ಬಾಣಂತನಕ್ಕೆಂದು ಉಡುಪಿಯಿಂದ ಅತ್ತೆಯೇ ವಿಸಿಟ್ ವೀಸಾದಲ್ಲಿ ಬಂದರು. ಲೇಹ್ಯದ ಡಬ್ಬ, ತೆಂಗಿನೆಣ್ಣೆಯ ಕ್ಯಾನು, ಹಳೆಯ ಹತ್ತಿ ಸೀರೆಗಳು, ಪ್ರಳಯ, ಇಷ್ಟನ್ನೂ ಒಟ್ಟಿಗೆ ಇಳಿಸಿದರು.

ಅವರು ಬಂದ ಮೇಲೆ ನಮ್ಮ ಟೀವಿಗೆ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಕನ್ನಡದ ಚಾನೆಲ್ಲೊಂದರಲ್ಲಿ ಕೋಟು ಹಾಕಿದ ಹುಡುಗ ಬೆಂಕಿಯ ಚಿತ್ರದ ಮುಂದೆ ನಿಂತು, ಇಪ್ಪತ್ತೊಂದಕ್ಕೆ ಎಲ್ಲ ಮುಗಿಯಿತು ಎಂದು ದಿನವಿಡೀ ಕಿರುಚುತ್ತಿದ್ದ, ನಡುನಡುವೆ ಅಡಿಗೆ ಎಣ್ಣೆಯ ಜಾಹೀರಾತಿಗೆ ಜಾಗ ಬಿಡುತ್ತಿದ್ದ. ಅವನ ಹಿಂದೆ ನಾಲಿಗೆ ಚಾಚಿದ ಮುಖವಿದ್ದ ಒಂದು ದುಂಡು ಕಲ್ಲು ತಿರುಗುತ್ತಿತ್ತು. ಮಾಯನ್ನರ ಕ್ಯಾಲೆಂಡರ್ ಅಂತೆ! ಅದು ಮಾಯನ್ನರದ್ದೇ ಅಲ್ಲ. ಅವರ ದೊಡ್ಡ ಊರುಗಳಲ್ಲೆಲ್ಲ ಕಾಡು ಬೆಳೆದು ಎಷ್ಟೋ ಕಾಲದ ಮೇಲೆ, ಅಲ್ಲಿಂದ ದೂರದ ಆಜ್ಟೆಕ್ ಜನ ಕೆತ್ತಿದ ಕಲ್ಲು. ಬೇಲೂರಿನ ಶಿಲಾಬಾಲಿಕೆಯನ್ನು ತೋರಿಸಿ ತಾಜ್ ಮಹಲ್ ಅಂದ ಹಾಗೆ. ಅತ್ತೆಗೆ ಅದೆಲ್ಲ ಬೇಡ. ಆ ನಾಲಿಗೆ ನೋಡಿ ಕೈಮುಗಿದರು.

ನನಗೆ ಇದೆಲ್ಲ ಗೊತ್ತಾದದ್ದು ಬಿದ್ದುಕೊಂಡಿದ್ದರಿಂದ. ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದವಳನ್ನು ರಕ್ತದೊತ್ತಡ ಹೆಚ್ಚಾಯಿತೆಂದು ಡಾಕ್ಟರಮ್ಮ ಹಾಸಿಗೆಗೆ ಹಾಕಿದ್ದರು. ಇದು ನನ್ನ ಎರಡನೆಯ ಬಸಿರು. ಮೊದಲನೆಯದು ಐದನೇ ತಿಂಗಳಿಗೆ ಹೋಗಿತ್ತು. ಈ ಸಲ ಹೋಗಬಾರದು ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಹಗಲೂ ರಾತ್ರಿ ಸುತ್ತುತ್ತಿತ್ತು. ಅದನ್ನು ಸುಮ್ಮನಾಗಿಸಲು ಕಾಲಡಿಗೆ ದಿಂಬು ಇಟ್ಟು ಲ್ಯಾಪ್‌ಟಾಪಿನಲ್ಲಿ ಮಾಯನ್ನರನ್ನು ಓದುತ್ತಿದ್ದೆ.

ಪಾಪ, ಅವರು ಯಾವ ಪ್ರಳಯವನ್ನೂ ಹೇಳಿರಲಿಲ್ಲ. ಅವರದೊಂದು ದೊಡ್ಡ ಲೆಕ್ಕ ಆ ದಿನಕ್ಕೆ ಸುತ್ತು ಮುಗಿಸಿ ಮತ್ತೆ ಶುರುವಾಗುತ್ತಿತ್ತು, ಅಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಮುಗಿಯಿತೆಂದು ಯಾರಾದರೂ ಬಾವಿಗೆ ಹಾರುತ್ತಾರಾ? ನನಗೆ ಹಿಡಿಸಿದ್ದು ಅವರ ಇನ್ನೊಂದು ಲೆಕ್ಕ, ಇನ್ನೂರ ಅರವತ್ತು ದಿನದ್ದು. ಅಲ್ಲಿನ ಬೆಟ್ಟದ ಊರುಗಳಲ್ಲಿ ಇವತ್ತಿಗೂ ದಿನ ಎಣಿಸುವ ಹಿರಿಯರಿದ್ದಾರೆ. ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ, ಹೆಂಗಸಿನ ಹೊಟ್ಟೆಯಿಂದ, ಮಗು ಒಳಗೆ ಇರುವುದು ಅಷ್ಟೇ ದಿನ ಎನ್ನುತ್ತಾರಂತೆ. ಮಗು ಯಾವ ದಿನ ಹುಟ್ಟಿತೋ ಆ ದಿನಕ್ಕೊಂದು ಹೆಸರು, ಒಂದು ಸ್ವಭಾವ. ನಮ್ಮ ನಕ್ಷತ್ರದ ಹಾಗೆಯೇ. ಓದುತ್ತಾ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟೆ. ಯಾರ ಹೆಸರು ಹೇಳಿ ಟೀವಿಯವರು ಅಷ್ಟು ಜನರನ್ನು ಹೆದರಿಸುತ್ತಿದ್ದರೋ ಅವರಿಗೆ ಬಸುರಿಯೇ ಕ್ಯಾಲೆಂಡರ್ ಆಗಿದ್ದಳು.

ಅವರ ಇನ್ನೊಂದು ಕತೆಯಂತೂ ಬಹಳ ಚಂದ. ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡಿದರು, ನೀರಿಗೆ ಕರಗಿಹೋದ. ಆಮೇಲೆ ಮರದಿಂದ ಮಾಡಿದರು. ಮರದ ಮನುಷ್ಯರು ಮಾತಾಡಿದರು, ಓಡಾಡಿದರು, ಮಕ್ಕಳನ್ನೂ ಮಾಡಿಕೊಂಡರು, ಆದರೆ ತಲೆಯೊಳಗೂ ಎದೆಯೊಳಗೂ ಏನೂ ಇರಲಿಲ್ಲ. ಕಡೆಗೆ ಅವರ ಮನೆಯ ಮಡಕೆ, ಬೀಸುವ ಕಲ್ಲುಗಳೇ ಎದ್ದು ಅವರ ಮುಖ ಚಚ್ಚಿದವು. ಮೂರನೆಯ ಸಲ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದವರೇ ಸರಿಯಾದ ಮನುಷ್ಯರು. ಮರದವರೆಲ್ಲ ನಾಶವಾದರು ಎಂದು ಕತೆ ಹೇಳುತ್ತದೆ. ನನಗೆ ನಂಬಿಕೆ ಬರಲಿಲ್ಲ. ಒಬ್ಬರು ನಮ್ಮ ಸೋಫಾದ ಮೇಲೆ, ತೀರಿಹೋದ ಅಪ್ಪಯ್ಯನ ಫೋಟೋದ ಕೆಳಗೆ, ತಮ್ಮ ಅಮ್ಮನ ಪಕ್ಕ ರಿಮೋಟ್ ಹಿಡಿದು ಕೂತಿದ್ದರು.

ನನ್ನ ಗಂಡ ವಿಮಾ ಕಂಪನಿಯಲ್ಲಿದ್ದರು. ಯಾವ ಗೋದಾಮಿಗೆ ಬೆಂಕಿ ಬೀಳಬಹುದು, ಯಾವ ಲಾರಿ ಮಗುಚಬಹುದು ಎಂದು ಅಳೆದು ಹೇಳುವ ಕೆಲಸ. ಆಫೀಸಿನಲ್ಲಿ ಅವರ ಮಾತಿಗೆ ಬೆಲೆ ಇತ್ತಂತೆ. ಮನೆಯಲ್ಲಿ ಅವರಿಗೆ ಇದ್ದದ್ದು ಒಂದೇ ಮಾತು: "ಅಮ್ಮ ಎಂತ ಹೇಳ್ತಾರೆ ನೋಡುವ."

ಇಪ್ಪತ್ತನೇ ತಾರೀಕು, ಗುರುವಾರ ಮಧ್ಯಾಹ್ನ, ತಲೆನೋವು ತಡೆಯದೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಹ್ರೈನಿನವರು, ದಪ್ಪ ಕನ್ನಡಕ, ಜೋರು ದನಿ. ನನ್ನ ಊದಿದ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು, ರಕ್ತದೊತ್ತಡ ನೋಡಿದರು, ಕೂಡಲೇ ಅಡ್ಮಿಟ್ ಆಗು, ನಾಳೆ ಬೆಳಗ್ಗೆ ಸಿಸೇರಿಯನ್ ಅಂದರು. ಶುಕ್ರವಾರ ರಜೆಯಾದರೂ ತಾನು ಬರುತ್ತೇನೆ ಅಂದರು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, ಶನಿವಾರ ಆಗಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾಕೆ? ಕ್ಯಾಲೆಂಡರಿನ ಒಂದು ವಿಷಯ ಇದೆ, ಮನೆಯಲ್ಲಿ ಹಿರಿಯರು... ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕ್ಯಾಲೆಂಡರ್ ಖಲ್ಲಿವಲ್ಲಿ!" ಅಂದರು. ಹಾಳಾಗಿ ಹೋಗಲಿ ಎಂದು ಅರ್ಥ. ಅವರ ಸಿಟ್ಟು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಎದ್ದು ತಬ್ಬಿಕೊಳ್ಳೋಣ ಅನ್ನಿಸಿತು.

ಬಟ್ಟೆಯ ಚೀಲ ತರುತ್ತೇವೆಂದು ಮನೆಗೆ ಬಂದೆವು. ಅದೇ ತಪ್ಪಾಯಿತು. ಅತ್ತೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತರು.

"ನಾಳೆ ಬೇಡ ಮಗಾ. ಜೋಯಿಸರಿಗೆ ಫೋನ್ ಮಾಡಿದ್ದೇನೆ. ನಾಡಿದ್ದು ದಶಮಿ, ಬೆಳಗ್ಗೆ ಲಗ್ನವೂ ಒಳ್ಳೇದುಂಟು. ನಾಳೆ ಹುಟ್ಟಿದ್ರೆ ತಂದೆಗೆ ಆಗುದಿಲ್ಲ."

"ನಾಳೆ ಜಗತ್ತೇ ಮುಳುಗುದಲ್ವಾ ಅತ್ತೆ? ನಾಡಿದ್ದು ಹೆರ್ಲಿಕ್ಕೆ ನಾನು ಎಲ್ಲಿರ್ತೇನೆ?"

"ಅದು ಬೇರೆ, ಇದು ಬೇರೆ. ಮುಳುಗಿದ್ರೆ ಎಲ್ಲರಿಗೂ ಒಂದೇ. ಮುಳುಗದಿದ್ರೆ ಜಾತಕ ಸರಿ ಇರ್ಬೇಕಲ್ಲ."

ಗಂಡನ ಮುಖ ನೋಡಿದೆ. "ಒಂದು ದಿನ ಅಲ್ವಾ ಮಾರಾಯ್ತಿ. ಸ್ವಲ್ಪ ತಡ್ಕೊಂಡ್ರೆ ಆಯ್ತು," ಅಂದರು, ಬಸ್ಸಿಗೆ ಕಾಯಲು ಹೇಳಿದ ಹಾಗೆ.

"ಮಾಯನ್ನರು ಮಗು ಬಂದ ದಿನ ಯಾವ್ದು ಅಂತ ನೋಡ್ತಿದ್ರು," ಅಂದೆ. "ನೀವು ಮೊದಲೇ ದಿನ ಇಟ್ಟು, ಅವತ್ತೇ ಬಾ ಅಂತ ಮಗುವಿಗೆ ಕಾಗದ ಬರೀತೀರಿ. ಅವ್ರಿಗಿಂತ ನೀವೇ ದೊಡ್ಡವ್ರು ಬಿಡಿ."

ಕಣ್ಣ ಮುಂದೆ ಚುಕ್ಕಿ ಕುಣಿಯುತ್ತಿದ್ದವು. ಇನ್ನು ಮಾತಾಡಿ ಪ್ರಯೋಜನವಿಲ್ಲ. ಚೀಲ ಎತ್ತಿಕೊಂಡೆ, ಅತ್ತೆಯ ಕುರ್ಚಿಯನ್ನು ಅವರ ಸಮೇತ ಪಕ್ಕಕ್ಕೆ ಸರಿಸಿದೆ. ಆ ಬಲ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಕೆಳಗೆ ಹೋಟೆಲಿನ ಮುಂದೆ ನಿಂತಿದ್ದ ಟ್ಯಾಕ್ಸಿ ಹತ್ತಿದೆ. ಗಂಡ ಓಡೋಡಿ ಬಂದು ನನ್ನ ಪಕ್ಕದಲ್ಲೇ ಕೂತರು, ಕೈಯಲ್ಲಿ ಸ್ವಂತ ಕಾರಿನ ಕೀ ಹಿಡಿದುಕೊಂಡು. ದಾರಿಯಲ್ಲಿ ಅವರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವರು ಅದನ್ನು ಎತ್ತಲೂ ಇಲ್ಲ, ಆಫ್ ಮಾಡಲೂ ಇಲ್ಲ.

ಒಪ್ಪಿಗೆಯ ಕಾಗದವನ್ನು ನರ್ಸು ಅಭ್ಯಾಸದಂತೆ ಅವರ ಕಡೆ ಚಾಚಿದಳು. ಅವರು ಓದುತ್ತಾ ನಿಂತರು. ನಾನು ಕಸಿದುಕೊಂಡು ನಾನೇ ಸಹಿ ಹಾಕಿದೆ.

ಶುಕ್ರವಾರ ಬೆಳಗ್ಗೆ ಮಗಳು ಹುಟ್ಟಿದಳು. ಸಣ್ಣ ಕೂಸು, ದೊಡ್ಡ ಗಂಟಲು. ಹೊರಗೆ ಬಿಸಿಲು ಎಂದಿನಂತೆ ಬಿದ್ದಿತ್ತು, ಸಮುದ್ರ ತನ್ನ ಜಾಗದಲ್ಲೇ ಇತ್ತು. ಮಧ್ಯಾಹ್ನ ಡಾಕ್ಟರಮ್ಮ ಬಂದು ಮಂಚದ ಬಳಿ ಕೂತರು. ಒಳಗೆ ಮಾಸು ಬಿಟ್ಟುಕೊಳ್ಳಲು ಶುರುವಾಗಿತ್ತು, ನಾಳೆಯವರೆಗೆ ಬಿಟ್ಟಿದ್ದರೆ ಮಗು ಉಳಿಯುತ್ತಿರಲಿಲ್ಲ, ನೀನೂ ಉಳಿಯುತ್ತಿದ್ದೆ ಎನ್ನುವಂತಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡರು. ಕಣ್ಣಲ್ಲಿ ನೀರೂ ಬಂತು. ನಾನೂ ಕರಗಿದೆ, ಸುಳ್ಳು ಯಾಕೆ ಹೇಳಲಿ.

ಅತ್ತೆ ಬಾಣಂತನ ಚೆನ್ನಾಗಿಯೇ ಮಾಡಿದರು. ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದರು. ಪ್ರಳಯದ ಮಾತು ಮತ್ತೆ ಎತ್ತಲಿಲ್ಲ. ಟೀವಿಯ ಹುಡುಗನೂ ಎತ್ತಲಿಲ್ಲ, ಅವನಾಗಲೇ ಹೊಸ ವರ್ಷದ ರಾಶಿಫಲಕ್ಕೆ ಇಳಿದಿದ್ದ. ವೀಸಾ ಮುಗಿದು ಅತ್ತೆ ಊರಿಗೆ ಹೋದ ಮೇಲೆ, ಬರುವವರೊಬ್ಬರ ಕೈಯಲ್ಲಿ ಮಗಳ ಜಾತಕ ಕಳಿಸಿಕೊಟ್ಟರು. ಅರಿಸಿನ ಹಚ್ಚಿದ ಕಾಗದ, ಚಂದದ ಅಕ್ಷರ. ಗಂಡ ಖುಷಿಯಿಂದ ಓದಿದರು.

"ಪೂರ್ಣಾಯುಷ್ಯ ಉಂಟಂತೆ. ವಿದ್ಯೆ ಉಂಟು. ತಂದೆ ಮೇಲೆ ಪ್ರೀತಿ ಜಾಸ್ತಿಯಂತೆ ನೋಡು."

ನಾನು ಇಣುಕಿದೆ. ಮೇಲೆ ಜನನ: ಇಪ್ಪತ್ತೆರಡು, ಶನಿವಾರ, ಪ್ರಾತಃಕಾಲ.

"ತಾರೀಕು ತಪ್ಪಿದೆ," ಅಂದೆ.

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ತಪ್ಪಲ್ಲ. ನಾನೇ ಜೋಯಿಸರಿಗೆ ಹಾಗೆ ಹೇಳಿದ್ದು. ಅಮ್ಮನ ಸಮಾಧಾನಕ್ಕೆ. ಒಂದು ದಿನ ಅಲ್ವಾ?"

ಮೈಯೆಲ್ಲ ಉರಿದುಹೋಯಿತು. ಮಗಳು ನನ್ನ ತೊಡೆಯ ಮೇಲೆ ಮಲಗಿ ಬೆರಳು ಚೀಪುತ್ತಿದ್ದಳು.

"ಇಪ್ಪತ್ತೆರಡಕ್ಕೆ ಹುಟ್ಟಿದ್ರೆ ಆ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನಿಮ್ಮ ಕೈಗೆ ಕೊಡ್ತಿದ್ರು. ಡಾಕ್ಟರಮ್ಮ ಹೇಳುವಾಗ ನೀವು ಅಲ್ಲೇ ಇದ್ರಲ್ಲ?"

ಅವರು ಕಾಗದ ಮಡಚಿ ಕೇಳಿದರು, "ಹಾಗಾದ್ರೆ ಇದನ್ನು ಎಂತ ಮಾಡುದು?"

"ನಿಮ್ಮ ಅಪ್ಪಯ್ಯನ ಫೋಟೋ ಹಿಂದೆ ಇಡಿ," ಅಂದೆ. "ಹೋದವರ ಜಾತಕ ಅಲ್ಲೇ ಅಲ್ವಾ ಇರುದು?"