ನೀಲಿ ಹಾಳೆ ಅಂಟಿಸಿದ ಕಾರು

ಪಾತ್ರೆಗಳ ಮುಚ್ಚಳ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅದೇ ಟ್ಯೂಬ್‌ಲೈಟಿನ ಕೆಳಗೆ, ಅದೇ ಮೇಜಿನ ಮುಂದೆ ಕೂತು, ಬಂದ ಮುಚ್ಚಳವನ್ನೆಲ್ಲ ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು ಅವರ ಕೆಲಸ. ಉಗುರು ಗೀರಿದಷ್ಟು ಗೆರೆ ಕಂಡರೂ ಸಾಕು, ಕೆಂಪು ಚಾಕ್‌ಪೀಸಿನಿಂದ ಅಡ್ಡ ಎಳೆದು ಪಕ್ಕಕ್ಕೆ ತಳ್ಳುವರು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದು, ಮಿಕ್ಕ ಕಡೆಯೆಲ್ಲ ಅವರು ರಿಜೆಕ್ಟಪ್ಪ ಆಗಿದ್ದರು.

ಪಾಲಿಶ್ ಮಾಡುವವನು ಒಮ್ಮೊಮ್ಮೆ ಗೋಗರೆಯುತ್ತಿದ್ದ. "ಸಾರ್, ಅಡುಗೆಮನೆಗೆ ಹೋದ ಎರಡೇ ದಿನಕ್ಕೆ ಇದರಪ್ಪನಂಥ ಗೀರು ಬೀಳುತ್ತೆ. ಇದೊಂದು ಬಿಟ್ಟರೆ ಯಾರ ಗಂಟು ಹೋಗುತ್ತೆ?"

ರಿಜೆಕ್ಟಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ನನ್ನ ಕೈಯಲ್ಲಿ ಏನಿದೆಯಪ್ಪ? ಪಟ್ಟಿಯಲ್ಲಿ ಇರೋದನ್ನ ನೋಡ್ತೀನಿ, ಅಷ್ಟೇ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮುಖದ ಮೇಲೆ ಒಂದು ಶಾಂತಿ ಇರುತ್ತಿತ್ತು. ಊಟವಾದ ಮೇಲೆ ಕೆಲವರ ಮುಖದಲ್ಲಿ ಕಾಣುತ್ತದಲ್ಲ, ಅಂಥದು. ಪಾಲಿಶ್ ಮಾಡುವವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಹೊರಟುಹೋಗುತ್ತಿದ್ದ.

ಮೂರು ವರ್ಷದ ಕೆಳಗೆ ಅವರಿಗೆ ಹಿರಿಯ ತಪಾಸಕರೆಂದು ಬಡ್ತಿ ಬಂತು. ಸಂಬಳ ಏರಿದ್ದು ಗೇಣು, ಎದೆ ಉಬ್ಬಿದ್ದು ಮಾರು. ಅದೇ ತಿಂಗಳು ಹೆಂಡತಿಯ ತಮ್ಮ ಹೊಸ ಕಾರಿನಲ್ಲಿ ಬಂದು, ಬಾಗಿಲು ತೆರೆದೇ ಇದ್ದರೂ ಮೂರು ಸಲ ಹಾರ್ನ್ ಹೊಡೆದ. ಆ ಹಾರ್ನು ರಿಜೆಕ್ಟಪ್ಪನವರ ಕಿವಿಯಿಂದ ಇಳಿಯಲೇ ಇಲ್ಲ. ಕಾರು ಕೊಳ್ಳುವ ತಾಕತ್ತಿರಲಿಲ್ಲ. ಆದರೆ ಲೀಸಿಗೆ ಸಿಗುತ್ತಿತ್ತು: ಮೊದಲೊಂದು ಠೇವಣಿ, ತಿಂಗಳು ತಿಂಗಳು ಬಾಡಿಗೆ, ಮೂರು ವರ್ಷವಾದ ಮೇಲೆ ಕಾರು ಕಂಪನಿಗೆ ವಾಪಸು, ಠೇವಣಿ ನಮಗೆ ವಾಪಸು.

ಠೇವಣಿಯಷ್ಟು ಹಣ ಇದ್ದದ್ದು ಹೆಂಡತಿಯ ಹತ್ತಿರ. ಆಕೆ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿದು ಕೂಡಿಟ್ಟದ್ದು. ಕಾಲಲ್ಲಿ ತುಳಿಯುವ ಹಳೇ ಮೆಷಿನ್ನು ಬಿಟ್ಟು ದೊಡ್ಡ ಮೋಟಾರ್ ಮೆಷಿನ್ನು ಕೊಳ್ಳಬೇಕೆಂದು ಆಕೆಯ ಆಸೆ. ಆಸೆ ಎನ್ನುವುದಕ್ಕಿಂತ ಮೊಣಕಾಲಿನ ಅಗತ್ಯ. ಹಳೆಯದಕ್ಕೇ ಮೋಟಾರು ಕೂರಿಸಿದರೆ ಅದು ಬಿಡಿಬಿಡಿಯಾಗಿ ಉದುರುತ್ತದೆಂದು ರಿಪೇರಿಯವನು ಹೇಳಿಬಿಟ್ಟಿದ್ದ.

"ನಿನ್ನ ದುಡ್ಡು ಎಲ್ಲಿಗೂ ಹೋಗಲ್ಲ ಕಣೇ. ಬೀರುವಿನಲ್ಲಿ ಇಟ್ಟ ಹಾಗೆ," ಎಂದರು ರಿಜೆಕ್ಟಪ್ಪ. "ಮೂರು ವರ್ಷ ಆದ ದಿನ ಕಾರು ಕೊಟ್ಟು, ಠೇವಣಿ ಈಸ್ಕೊಂಡು, ಅಲ್ಲಿಂದ ನೇರ ಮೆಷಿನ್ ಅಂಗಡಿಗೆ."

"ಕಾರಲ್ಲಿ ಗೀರುಗೀರು ಬಿದ್ದರೆ ಠೇವಣಿಯಲ್ಲೇ ಮುರ್ಕೋತಾರಂತಲ್ಲ?"

"ಗೀರಾ? ನನ್ನ ಕಾರಿಗಾ?" ಎಂದು ನಕ್ಕರು. ಆ ನಗುವಿಗೆ ಆಕೆ ಹಣ ಕೊಟ್ಟಳು.

ಕಾರು ಬಂದ ಸಂಜೆಯೇ ಅವರು ಕಾರ್ಖಾನೆಯಿಂದ ಎರಡು ಸುರುಳಿ ನೀಲಿ ಹಾಳೆ ಕೊಂಡುತಂದರು. ಪಾಲಿಶ್ ಆದ ಮುಚ್ಚಳಕ್ಕೆ ಗೀರು ಬೀಳದಂತೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ ಅದು. ಒಂದು ಕಡೆ ಅಂಟು, ಎಳೆದರೆ ಸಲೀಸಾಗಿ ಬರುತ್ತದೆ, ಕೆಳಗಿನ ಲೋಹ ಕನ್ನಡಿ. ಅವರು ಅದನ್ನು ಸೀಟಿಗೆ, ಸ್ಟೀರಿಂಗಿನ ಮುಂದಿನ ಹಲಗೆಗೆ, ಬಾಗಿಲ ಒಳಮೈಗೆ, ಕಾಲಿಡುವ ಅಂಚಿಗೆ, ಒಂದು ಗುಳ್ಳೆಯೂ ಏಳದಂತೆ ಬಟ್ಟೆಯಿಂದ ಒತ್ತಿ ಒತ್ತಿ ಅಂಟಿಸಿದರು. ಎರಡು ಭಾನುವಾರ ಹಿಡಿಯಿತು.

ಅಲ್ಲಿಂದ ಆ ಕಾರಿನಲ್ಲಿ ಕೂತವರು ಕೂತರೆ ಚರಚರ, ಎದ್ದರೆ ಪರಪರ. ಚಪ್ಪಲಿ ಚೀಲದೊಳಗೆ. ನೀರು ಕುಡಿಯುವವರು ಇಳಿದು ಕುಡಿಯಬೇಕು. ಅತ್ತೆಯವರು ಒಂದು ಸಲ ಬೇಸಿಗೆಯಲ್ಲಿ ಕೂತು, ಬೆನ್ನು ಅಂಟಿಕೊಂಡು, ಇಳಿಯುವಾಗ ಇಬ್ಬರು ಎಳೆಯಬೇಕಾಯಿತು. ಭಾವಮೈದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ: "ಭಾವ, ಇದು ಕಾರೋ, ಇನ್ನೂ ಬಿಚ್ಚದ ಪಾರ್ಸಲ್ಲೋ?"

"ಅಸೂಯೆ," ಎಂದರು ರಿಜೆಕ್ಟಪ್ಪ, ಅವನು ಹೋದ ಮೇಲೆ.

ಹೀಗೆ ಯಾರೂ ಹತ್ತದೆ, ಕಾರು ಮೂರು ಬೇಸಿಗೆ ಮನೆ ಮುಂದಿನ ಬಿಸಿಲಲ್ಲೇ ನಿಂತಿತು.

ವಾಪಸು ಕೊಡುವ ದಿನ ಹತ್ತಿರವಾದಾಗ ಕಂಪನಿಯಿಂದ ಕಾಗದ ಬಂತು. ಯಾವುದಕ್ಕೆಲ್ಲ ದಂಡ ಹಾಕುತ್ತಾರೆ ಎಂಬ ಪಟ್ಟಿ. ಕೊನೆಗೊಂದು ಸಾಲು: ಸಹಜ ಸವೆತಕ್ಕೆ ಶುಲ್ಕವಿಲ್ಲ. ರಿಜೆಕ್ಟಪ್ಪ ಆ ಸಾಲನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದರು. "ನಮ್ಮದರಲ್ಲಿ ಸವೆತವೇ ಇಲ್ಲವಲ್ಲೇ. ಪಾಪ, ಅವರಿಗೆ ಬರೆಯೋಕೇ ಏನೂ ಸಿಗಲ್ಲ."

ಒಂದು ವಾರ ರಜೆ ಹಾಕಿದರು. ಚಕ್ರದ ಸಂದುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಎರಡನೇ ಕೀ, ಜಾಕು, ಸರ್ವಿಸ್ ಪುಸ್ತಕ, ಎಲ್ಲಕ್ಕೂ ಗುರುತಿನ ಚೀಟಿ ಕಟ್ಟಿದರು.

"ರೀ, ಆ ಹಾಳೇನ ಒಂದು ಮೂಲೆ ಎಳೆದು ನೋಡಬಾರದಾ?" ಎಂದಳು ಹೆಂಡತಿ, ಮೆಷಿನ್ನು ತುಳಿಯುತ್ತಲೇ.

"ಅದು ಸೀಲು. ಸೀಲನ್ನ ಅವರ ಕಣ್ಣೆದುರೇ ಒಡೀಬೇಕು. ನಿನಗೆ ಇದೆಲ್ಲ ಗೊತ್ತಾಗಲ್ಲ."

ಆಕೆಗೆ ಗೊತ್ತಿದ್ದದ್ದು ಅಂಗಡಿಯ ಕಿಟಕಿಯಲ್ಲಿದ್ದ ಮೆಷಿನ್ನು. ಸಂಜೆಯವರೆಗೆ ಅದನ್ನು ಎತ್ತಿಡಿ ಎಂದು ಅಂಗಡಿಯವರಿಗೆ ಫೋನು ಮಾಡಿ, ತಾನೂ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದಳು. ದಾರಿಯುದ್ದಕ್ಕೂ ಚರಚರ.

ಕಂಪನಿಯ ಅಂಗಳದಲ್ಲಿ ತಗಡಿನ ಸೂರಿನ ಕೆಳಗೆ ಕಾರುಗಳು ಸಾಲುಗಟ್ಟಿದ್ದವು. ಪರೀಕ್ಷೆ ಮಾಡುವವಳು ಒಬ್ಬ ಹುಡುಗಿ. ಅವಳ ವಯಸ್ಸು ರಿಜೆಕ್ಟಪ್ಪನವರ ಸರ್ವಿಸಿಗಿಂತ ಒಂದೆರಡು ವರ್ಷ ಕಡಿಮೆಯೇ ಇದ್ದೀತು. ಮುಂದಿದ್ದದ್ದು ಔಷಧಿ ಕಂಪನಿಯ ಪ್ರತಿನಿಧಿಯೊಬ್ಬನ ಕಾರು. ಸೀಟು ಕೂತು ಕೂತು ನುಣ್ಣಗೆ ಹೊಳೆಯುತ್ತಿತ್ತು, ಗೇರಿನ ಗುಂಡು ಬೋಳಾಗಿತ್ತು, ಹಿಂದಿನ ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ. ಹುಡುಗಿ ಸುತ್ತು ಬಂದು, "ಎಲ್ಲ ಸಹಜ ಸವೆತ ಸರ್, ಸೈನ್ ಹಾಕಿ" ಎಂದಳು. ಅವನು ಶಿಳ್ಳೆ ಹಾಕುತ್ತ ಹೋದ.

"ಕಣ್ಣು ಸಾಲದು ಈ ಹುಡುಗಿಗೆ," ಎಂದು ರಿಜೆಕ್ಟಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿ, ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಮೂರು ವರ್ಷದಿಂದ ಈ ಸೀಟಿಗೆ ಗಾಳಿ ಕೂಡ ಸೋಕಿಲ್ಲ. ನಿಮ್ಮೆದುರೇ ತೆಗೀತೀನಿ."

ಮೂಲೆ ಹಿಡಿದು ಎಳೆದರು. ಬರಲಿಲ್ಲ. ಉಗುರು ಹಾಕಿ ಎಳೆದರು. ಬಂತು, ಬರುವಾಗ ಸೀಟಿನ ಮೇಲ್ಪದರವನ್ನೂ ಜೊತೆಗೆ ಕರೆದುಕೊಂಡು ಬಂತು. ಸೀಟಿನ ನಡುವೆ ಅಂಗೈ ಅಗಲದ ಬಿಳಿ ಬಟ್ಟೆ ಹಲ್ಲು ಬಿಟ್ಟಿತು. ಇನ್ನೊಂದು ಕಡೆ ಹಾಳೆ ಚೂರು ಚೂರಾಗಿ ಹರಿದು, ಅಂಟು ಮಾತ್ರ ಕಂದು ಗೆರೆಗಳಾಗಿ ಕೂತಿತು. ಮುಂದಿನ ಹಲಗೆಯದೂ ಅದೇ ಕಥೆ. ಬಾಗಿಲಿನದೂ ಅದೇ.

ಕಾರ್ಖಾನೆಯಲ್ಲಿ ಯಾವ ಮುಚ್ಚಳವೂ ಎಂಟು ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ, ಅದೂ ನೆರಳಲ್ಲಿ. ಆ ಹಾಳೆಗೆ ಮೂರು ಬೇಸಿಗೆಯ ಬಿಸಿಲು ತಿನ್ನಿಸಿದರೆ ಏನಾಗುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡ ಮೊದಲಿಗರು ಈಗ ಕೈಯಲ್ಲಿ ನೀಲಿ ಚಿಂದಿ ಹಿಡಿದು ನಿಂತಿದ್ದರು.

"ಉಪಯೋಗಿಸೇ ಇಲ್ಲಮ್ಮ," ಎಂದರು. ದನಿ ಯಾರದೋ ಆಗಿತ್ತು. "ಉಪಯೋಗಿಸಿದ್ರೆ ತಾನೇ ಹಾಳಾಗೋದು?"

"ಉಪಯೋಗಿಸಿ ಸವೆದಿದ್ರೆ ನಾನು ಬಿಡ್ತಿದ್ದೆ ಸರ್. ಇದು ಸವೆತ ಅಲ್ಲವಲ್ಲ." ಅವಳು ಫೋನನ್ನು ಓರೆಯಾಗಿ ಹಿಡಿದು, ಬೆಳಕು ಗೆರೆಯ ಮೇಲೆ ಬೀಳುವಂತೆ ನೋಡಿಕೊಂಡು ಒಂದೊಂದೇ ಫೋಟೋ ತೆಗೆದಳು.

"ನೋಡಮ್ಮ, ನಾನೂ ಇದೇ ಕಸುಬಿನವನು. ಸ್ವಲ್ಪ ನೋಡಿ ಬರೀಬಹುದಲ್ಲ?"

"ನನ್ನ ಕೈಯಲ್ಲಿ ಏನಿದೆ ಸರ್?" ಎಂದಳು ಹುಡುಗಿ ಮೆತ್ತಗೆ. "ಪಟ್ಟಿಯಲ್ಲಿ ಇರೋದನ್ನ ನೋಡ್ತೀನಿ, ಅಷ್ಟೇ."

ರಿಜೆಕ್ಟಪ್ಪನವರಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವಳು ಫೋನು ಹಿಡಿದ ಕೋನ ಸರಿಯಾಗಿತ್ತು, ಬಾಗಿಲ ಕೆಳ ಅಂಚನ್ನೂ ಬಿಡದೆ ನೋಡಿದ್ದಳು, ದನಿ ಏರಿಸಿರಲಿಲ್ಲ. ತಮ್ಮ ಮೇಜಿನ ಮುಂದೆ ಕೂರಿಸಲು ಇಂಥವರೇ ಬೇಕೆಂದು ಅವರು ವರ್ಷಗಟ್ಟಲೆ ಮ್ಯಾನೇಜರನ್ನು ಕಾಡಿದ್ದರು. ಪಾಲಿಶ್ ಮಾಡುವವನು ಪಟ್ಟಿಯ ಆ ಮಾತು ಕೇಳಿ ಯಾಕೆ ಯಾವಾಗಲೂ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ ಎಂಬುದು ಮಾತ್ರ ಈಗ ಹೊಳೆಯಿತು. ಅವರೂ ತಮ್ಮ ಕೈ ನೋಡಿಕೊಂಡರು. ಉಗುರಿನಲ್ಲಿ ಅಂಟು ಸಿಕ್ಕಿತ್ತು.

ಠೇವಣಿಯಲ್ಲಿ ಮುಕ್ಕಾಲು ಪಾಲು ಹೋಯಿತು. ಉಳಿದದ್ದರಲ್ಲಿ ಮೆಷಿನ್ನು ಇಡುವ ಮೇಜು ಬರುತ್ತಿತ್ತು, ಮೆಷಿನ್ನಲ್ಲ. ಗುರುತಿನ ಚೀಟಿ ಕಟ್ಟಿದ ಎರಡನೇ ಕೀಯನ್ನು ಹುಡುಗಿ ಮೆಚ್ಚಿ ತೆಗೆದುಕೊಂಡಳು. ಚಿಂದಿಯ ಗಂಟನ್ನು ಮಾತ್ರ ಹಿಂದಿರುಗಿಸಿ, "ಇದು ನಿಮ್ಮದು ಸರ್, ಇಲ್ಲಿ ಬಿಡೋ ಹಾಗಿಲ್ಲ" ಎಂದಳು.

ಹೆಂಡತಿ ಚೀಲದಿಂದ ಚಪ್ಪಲಿ ತೆಗೆದು ಹಾಕಿಕೊಂಡಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಂಗಡಿಗೆ ಫೋನು ಮಾಡಿದಳು. "ಅಣ್ಣಾ, ಅದನ್ನ ಎತ್ತಿಡಬೇಡಿ. ಯಾರಾದರೂ ಕೇಳಿದ್ರೆ ಕೊಟ್ಟುಬಿಡಿ... ಇಲ್ಲ, ಮುಂದಿನ ತಿಂಗಳೂ ಇಲ್ಲ."

ರಿಜೆಕ್ಟಪ್ಪ ತೊಡೆಯ ಮೇಲೆ ನೀಲಿ ಗಂಟು ಇಟ್ಟುಕೊಂಡು ಕೂತಿದ್ದರು. "ನೀನು ಹೇಳಿದಾಗ ಒಂದು ಮೂಲೆ ಎಳೆದು ನೋಡಿದ್ದರೂ ಅಷ್ಟೇ ಆಗ್ತಿತ್ತು," ಎಂದರು.

"ಹೂಂ," ಎಂದಳು ಆಕೆ. "ಮೂರು ವರ್ಷದ ಹಿಂದೆ ಎಳೆದಿದ್ರೆ ಆಗ್ತಿರಲಿಲ್ಲ."

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಾರನೇ ದಿನಕ್ಕೆ ಎಂಟು ಪರದೆ ಕೊಡಬೇಕಿತ್ತು. ಹೆಂಡತಿ ಮೆಷಿನ್ನಿನ ಮುಂದೆ ಕೂತಳು, ಎರಡು ಸಲ ತುಳಿದಳು, ಮೊಣಕಾಲು ಹಿಡಿದುಕೊಂಡಳು. ರಿಜೆಕ್ಟಪ್ಪ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಮಾಡಲು ಏನೂ ಇಲ್ಲದೆ ನಿಂತು ನೋಡುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ.

"ನಿಂತು ಏನು ನೋಡ್ತೀರಿ? ಆ ಸ್ಟೂಲು ಎಳ್ಕೊಳ್ಳಿ," ಎಂದಳು. "ನೀವು ತುಳೀರಿ, ನಾನು ಬಟ್ಟೆ ಹಿಡೀತೀನಿ."

ಪಕ್ಕದಲ್ಲಿ ಕೂತು ಪಾದ ಇಟ್ಟರು. ಒತ್ತಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯಿತು. ಆಕೆ ಪೋಣಿಸಿದಳು. ಮತ್ತೆ ಹರಿಯಿತು. ಮತ್ತೆ ಪೋಣಿಸಿದಳು. ಮೂರನೇ ಸಲ ಚಕ್ರ ಮುಂದಕ್ಕೆ ತಿರುಗಿತು, ಆದರೆ ಓಡಿ, ನಿಂತು, ಮತ್ತೆ ಓಡಿತು. ಒಂದು ಅಂಚು ಮುಗಿಯುವ ಹೊತ್ತಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಆಕೆ ಪರದೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹೊಲಿಗೆಯುದ್ದಕ್ಕೂ ಕಣ್ಣು ಹಾಯಿಸಿದಳು.

"ಹೇಗಿದೆ?" ಎಂದರು.

"ರಿಜೆಕ್ಟು," ಎಂದು ಆಕೆ ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು.

ಅಷ್ಟು ಸಣ್ಣ ಸೊಟ್ಟು ಯಾರ ಕಣ್ಣಿಗೆ ಬೀಳುತ್ತೆ ಎನ್ನಲು ರಿಜೆಕ್ಟಪ್ಪ ಬಾಯಿ ತೆರೆದರು. ಮುಚ್ಚಿದರು. ಪಾದವನ್ನು ಮತ್ತೆ ಸರಿಯಾಗಿ ಇಟ್ಟುಕೊಂಡು ಕಾದು ಕೂತರು.