ಮಾವನವರಿಗೆ ಸದ್ದು ಬೇಕಿತ್ತು

ಗೆಳೆಯರೇ, ನನ್ನ ಪುಟ್ಟ ಸ್ಪೋರ್ಟಿ ಕಾರಿನ ಎಂಜಿನ್ನಿಗೆ ಗಾಳಿ ಎಳೆದುಕೊಡುವ ಹೊಸ ಇಂಟೇಕ್ ಕೊಳ್ಳಲು ಇವತ್ತು ಮಾವನವರ ಜೊತೆ ಪರೇಲಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ನನ್ನನ್ನು ಬಿಟ್ಟು ಮಾವನವರ ಮುಂದೆ ತೆರೆದ ಫಿಲ್ಟರಿನ ಕೆಂಪು ಇಂಟೇಕ್ ಇಟ್ಟ. “ಅಂಕಲ್, ಇಸ್ಕಾ ಆವಾಜ್ ಸುನೋ,” ಎಂದು ಫೋನಿನಲ್ಲಿ ವಿಡಿಯೋ ಹಚ್ಚಿ ಅದರ ಸದ್ದು ಕೇಳಿಸಿದ.

ಪಕ್ಕದ ಮನೆಯ ಮಿಕ್ಸರ್ ಸದ್ದಿಗೂ ಜಗಳಕ್ಕೆ ನಿಲ್ಲುವ ಮಾವ, “ಇದನ್ನ ತಗೋಳವ್ವಾ, ಹುಲಿ ಗುರುಗುಟ್ಟಿದಂಗ ಐತಿ,” ಎಂದರು.

“ಮಾವಾರ, ಇದು ಎಂಜಿನ್ನಿನ ಬಿಸಿ ಗಾಳೀನ ಎಳಕೋತೈತ್ರಿ. ಟ್ರಾಫಿಕ್ಕಿನ್ಯಾಗ ಸದ್ದಷ್ಟ ಬರತೈತಿ, ಗಾಡಿ ಓಡಂಗಿಲ್ಲ.”

ಮುಚ್ಚಿದ ಡಬ್ಬಿಯ ಇಂಟೇಕೇ ಬೇಕು, ಗಾಳಿ ಎಳೆಯುವ ಬಾಯಿ ಮೇಲಿರಬೇಕು ಎಂದು ಅಂಗಡಿಯವನಿಗೆ ಹೇಳಿದೆ. ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗ್ ಮುಂದೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಎಂಜಿನ್ ನೀರು ಕುಡಿದರೆ ಕಾರಿನ ಕಥೆ ಮುಗಿದಂತೆ.

“ಆವಾಜ್ ಕಮ್ ಆಯೇಗಾ,” ಎಂದು ಅವನು ಮತ್ತೆ ಮಾವನವರನ್ನೇ ನೋಡಿದ.

“ಗಾಡಿ ಮೇರಿ ಹೈ, ಭಯ್ಯಾ,” ಎಂದೆ. ಡಬ್ಬಿ ಹೊರಬಂತು.

ಫಿಟ್ ಮಾಡಿಸಿಕೊಂಡು ಹೊರಟೆವು. ಕಾರು ಫ್ಲೈಓವರನ್ನು ಹಗುರವಾಗಿ ಏರಿತು. ಮಾವ ಕಿಟಕಿಯಾಚೆ ನೋಡುತ್ತ, “ಚಲೋ ಓಡತೈತಿ, ಆದ್ರ ಯಾರಿಗೂ ಗೊತ್ತ ಆಗಂಗಿಲ್ಲಲ್ಲ,” ಎಂದು ನಿಟ್ಟುಸಿರಿಟ್ಟರು.

ಎಲ್ಲರಿಗೂ ಗೊತ್ತಾಗಲೆಂದೇ ಈ ಪೋಸ್ಟ್. ಲೈಕುಗಳೆಲ್ಲ ಮಾವನವರಿಗೆ.